ಕೆಮ್ಮಣ್ಣಿನಡಿ ಸಿಕ್ಕ ಕಾಯಿಪಲ್ಲೆ ತೋಟ

ರಾತ್ರಿ ಹೊತ್ತು ಹುಲ್ಲುಹಾಸಿನ ಅಂಚಿಗೆ ಕಾರುಗಳನ್ನು ತಂದು ನಿಲ್ಲಿಸಿದರು. ಹೆಡ್‌ಲೈಟ್ ಹಾಕಿ, ಬೆಳಕು ನೆಲಕ್ಕೆ ತಾಗಿಕೊಂಡೇ ಹರಿಯುವ ಹಾಗೆ ಅಡ್ಡಲಾಗಿ ಹಾಯಿಸಿದರು. ಹಗಲಲ್ಲಿ ನೋಡಿದವರಿಗೆ ಅಲ್ಲಿ ಹುಲ್ಲಲ್ಲದೆ ಬೇರೇನೂ ಕಂಡಿರಲಿಲ್ಲ. ಈಗ ಅದೇ ಹುಲ್ಲಿನ ಮೇಲೆ ಸಣ್ಣದೊಂದು ನೆರಳಿನ ಗೆರೆ ಮೂಡಿತು. ಬಳುಕಿತು, ತಿರುಗಿತು, ಇಡೀ ಬಯಲನ್ನು ಸುತ್ತುವರಿಯಿತು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೂಗಿಡಗಳ ನಡುವೆ ಜನ ಓಡಾಡುತ್ತಿದ್ದ ಹಾದಿ ಅದು! ಯಾರೂ ಅಗೆದು ತೆಗೆದದ್ದಲ್ಲ. ಅಲ್ಲೇ ಇತ್ತು, ಸರಿಯಾದ ಕೋನದಲ್ಲಿ ಬೆಳಕು ಬೀಳಬೇಕಿತ್ತು ಅಷ್ಟೆ.

ಇದು ನಡೆದದ್ದು ಅಮೆರಿಕದ ವರ್ಜೀನಿಯಾದಲ್ಲಿ, ಷಾರ್ಲಟ್ಸ್‌ವಿಲ್ ಊರಿನ ಪಕ್ಕದ ಮಾಂಟಿಚೆಲೊ ಗುಡ್ಡದ ನೆತ್ತಿಯ ಮೇಲೆ. ಆ ದೇಶದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತಾನೇ ನಕ್ಷೆ ಬರೆದು ಕಟ್ಟಿಸಿದ ಮನೆಯ ಅಂಗಳ ಅದು. ವರ್ಜೀನಿಯಾದ ಗಾರ್ಡನ್ ಕ್ಲಬ್ಬಿನವರು 1939ರಿಂದ 1941ರವರೆಗೆ ಆ ಹೂದೋಟವನ್ನು ಮತ್ತೆ ಎಬ್ಬಿಸಿದರು. ಆದರೆ ಜೆಫರ್ಸನ್ನನ ಜೀವ ಇದ್ದದ್ದು ಹೂವಿಗಿಂತ ಹೆಚ್ಚಾಗಿ ಮನೆಯ ಕೆಳಗಿನ ಇಳಿಜಾರಿನಲ್ಲಿ. ಅಲ್ಲೊಂದು ಕಾಯಿಪಲ್ಲೆ ತೋಟ ಇತ್ತು, ಹಣ್ಣಿನ ತೋಪಿತ್ತು, ದ್ರಾಕ್ಷಿಯ ತಾಕುಗಳಿದ್ದವು, ಸಸಿಮಡಿಗಳಿದ್ದವು. ಅವನ್ನು ಹುಡುಕಲು ಕಾರಿನ ದೀಪ ಸಾಲದು. ಅದಕ್ಕೆ ಇನ್ನೂ ನಲವತ್ತು ವರ್ಷ ಕಾಯಬೇಕಾಯಿತು.

1979. ವಿಲಿಯಂ ಕೆಲ್ಸೊ ಎಂಬ ಪುರಾತತ್ವಜ್ಞನ ತಂಡ ಆ ಇಳಿಜಾರಿಗೆ ಇಳಿಯಿತು. ಇದೇ ಕೆಲ್ಸೊ ಮುಂದೆ 1994ರಲ್ಲಿ ಜೇಮ್ಸ್‌ಟೌನಿನ ಅಗೆತ ಶುರುಮಾಡಿ, ನದಿ ಕೊಚ್ಚಿಕೊಂಡು ಹೋಗಿದೆ ಎಂದೇ ಎಲ್ಲರೂ ನಂಬಿದ್ದ 1607ರ ಕೋಟೆಯನ್ನು ಕಂಡುಹಿಡಿದ. ಅಂಥವನು ತನ್ನ ಆಯುಷ್ಯದ ಒಳ್ಳೆಯ ವರ್ಷಗಳನ್ನು ಬಟಾಣಿ, ಎಲೆಕೋಸು ಬೆಳೆದ ಮಣ್ಣು ಕೆರೆಯುವುದರಲ್ಲಿ ಕಳೆದ ಎನ್ನುವುದೇ ನನಗೆ ರೋಮಾಂಚನದ ಸಂಗತಿ. ಅರಮನೆ ಅಗೆಯುವವರು ಬಹಳ, ದೇವಸ್ಥಾನ ಅಗೆಯುವವರು ಬಹಳ, ಗೋರಿ ಅಗೆಯುವವರಂತೂ ಇದ್ದೇ ಇದ್ದಾರೆ. ಹಿತ್ತಲನ್ನು ಅಗೆಯುವವರು ಎಷ್ಟು ಮಂದಿ?

ಅದೂ ಹಿತ್ತಲನ್ನು ಅಗೆಯುವುದು ಎಂದರೆ ಎಂಥ ಕಷ್ಟ ಎಂದು ಒಮ್ಮೆ ಯೋಚಿಸಿ. ಮನೆ ಬಿದ್ದರೆ ಅಡಿಪಾಯ ಉಳಿಯುತ್ತದೆ, ಗಡಿಗೆ ಒಡೆದರೆ ಬೋಕಿ ಉಳಿಯುತ್ತದೆ. ಸೊಪ್ಪಿನ ಮಡಿ ಏನನ್ನು ಉಳಿಸೀತು? ಬೀಜ ಕಟ್ಟುವ ಮೊದಲೇ ಸೊಪ್ಪನ್ನು ಕೊಯ್ದು ತಿಂದಾಗಿರುತ್ತದೆ. ಪ್ರತಿ ಹಂಗಾಮಿಗೂ ಮಣ್ಣನ್ನು ತಲೆಕೆಳಗು ಮಾಡಿರುತ್ತಾರೆ, ಗೊಬ್ಬರ ಹಾಕಿರುತ್ತಾರೆ, ಗೊಬ್ಬರದ ಜೊತೆಗೆ ಮನೆಯ ಕಸವೂ ಬಂದು ಸೇರಿರುತ್ತದೆ. ನಮ್ಮ ಬಳ್ಳಾರಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಏನು ತಿನ್ನುತ್ತಿದ್ದರೆಂದು ತಿಳಿದದ್ದು, ಮಣ್ಣನ್ನು ನೀರಿನಲ್ಲಿ ಕದಡಿದಾಗ ಮೇಲೆ ತೇಲಿಬಂದ ಸುಟ್ಟ ಕಾಳುಗಳಿಂದ. ಹುರುಳಿ, ಹೆಸರು ಇವೆಲ್ಲ ಹಾಗೆ ತೇಲಿಬಂದು ನಾಲ್ಕು ಸಾವಿರ ವರ್ಷದ ಹಿಂದಿನ ಊಟವನ್ನು ಕಾಣಿಸಿಕೊಟ್ಟವು. ಆದರೆ ಅವು ಬೆಂಕಿಗೆ ಬಿದ್ದದ್ದಕ್ಕೆ ಉಳಿದವು. ತೋಟದಲ್ಲಿ ಬೆಂಕಿ ಎಲ್ಲಿಂದ ಬರಬೇಕು? ಅಲ್ಲಿ ಬಿದ್ದದ್ದೆಲ್ಲ ಕೊಳೆಯುತ್ತದೆ, ಮಣ್ಣಾಗುತ್ತದೆ.

ಹಾಗಾದರೆ ಕೆಲ್ಸೊ ಹುಡುಕಿದ್ದಾದರೂ ಏನನ್ನು? ಗುಂಡಿಗಳನ್ನು. ಎರಡು ಶತಮಾನದ ಹಿಂದೆ ತೋಡಿ, ಅವತ್ತೇ ಮುಚ್ಚಿದ್ದ ಗುಂಡಿಗಳನ್ನು!

ಇದರ ಗುಟ್ಟು ಕೇಳಿದರೆ ಕಾಲಡಿಯ ನೆಲವನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾಗುವುದಿಲ್ಲ. ವರ್ಜೀನಿಯಾದ ಆ ಭಾಗದ ನೆಲ ಮೇಲೆ ಕಪ್ಪುಗಂದು, ಅದರ ಕೆಳಗೆ ಗಟ್ಟಿ ಕೆಮ್ಮಣ್ಣು. ಬೇಲಿಯ ಕಂಬ ನಿಲ್ಲಿಸುವುದಕ್ಕೋ ಸೇಬಿನ ಸಸಿ ನೆಡುವುದಕ್ಕೋ ಒಬ್ಬ ಹಾರೆ ಹಾಕುತ್ತಾನೆ. ಮೇಲಿನ ಕಪ್ಪು ಮಣ್ಣು, ಕೆಳಗಿನ ಕೆಂಪು ಮಣ್ಣು ಎರಡೂ ಹೊರಬಂದು ಒಂದೇ ಗುಡ್ಡೆಯಾಗುತ್ತವೆ. ಕಂಬ ನಿಲ್ಲಿಸಿ, ಆ ಕಲಸಿದ ಮಣ್ಣನ್ನು ಮತ್ತೆ ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಾನೆ. ಮುಗಿಯಿತು. ಆ ಮಣ್ಣು ಇನ್ನೆಂದೂ ಮೊದಲಿನಂತೆ ಪದರ ಪದರವಾಗಿ ಕೂರುವುದಿಲ್ಲ. ನೂರು ಮಳೆಗಾಲ ಸುರಿಯಲಿ, ಮೇಲೆ ಹುಲ್ಲು ಬೆಳೆಯಲಿ, ದನ ಮೇಯಲಿ, ಮೇಲ್ಮಣ್ಣನ್ನು ಸರಿಸಿ ಕರಣೆಯಿಂದ ನುಣ್ಣಗೆ ಕೆರೆದ ಕ್ಷಣದಲ್ಲಿ, ಹಳೆಯ ಸೀರೆಗೆ ಬೇರೆ ಬಟ್ಟೆಯ ತೇಪೆ ಹಾಕಿದ ಹಾಗೆ, ಕೆಂಪು ನೆಲದಲ್ಲಿ ಗುಂಡಗಿನ ಮಾಸಲು ಕಲೆಯೊಂದು ಕಾಣಿಸಿಕೊಳ್ಳುತ್ತದೆ. ಕಂಬ ಕೊಳೆತುಹೋದ ಜಾಗವೂ ಆ ಕಲೆಯ ನಡುವೆ ಇನ್ನೊಂದು ಕಪ್ಪು ಕಲೆಯಾಗಿ ಉಳಿದಿರುತ್ತದೆ. ಒಂದು ಕಲೆ ಸಿಕ್ಕರೆ ಏನೂ ಹೇಳಲಾಗದು. ಎರಡನೆಯದು ಸಿಕ್ಕಿತೆಂದರೆ ಎದೆ ಡವಗುಟ್ಟಲು ಶುರು. ಅಷ್ಟೇ ದೂರದಲ್ಲಿ, ಅದೇ ನೇರದಲ್ಲಿ ಮೂರನೆಯದೂ ಸಿಕ್ಕಿಬಿಟ್ಟರೆ? ಅದು ಬೇಲಿ!

ಜೆಫರ್ಸನ್ನನ ಬೇಲಿ ಸಾಮಾನ್ಯದ್ದಲ್ಲ. ಹತ್ತು ಅಡಿ ಎತ್ತರದ ಮರದ ಪಟ್ಟಿಗಳು, ಮೊಲದ ಮರಿಯೂ ನುಸುಳದಷ್ಟು ಒತ್ತಾಗಿ ಹೊಡೆದದ್ದು. ಅದು ತೋಟ ತೋಪುಗಳನ್ನೆಲ್ಲ ಬಳಸಿಕೊಂಡು ಮುಕ್ಕಾಲು ಮೈಲಿಯಷ್ಟು ಉದ್ದಕ್ಕೆ ಹೋಗಿತ್ತು ಎಂದು ಕಾಗದಪತ್ರಗಳು ಹೇಳುತ್ತಿದ್ದವು. ಆದರೆ ಕಾಗದದಲ್ಲಿ ಇರುವುದೆಲ್ಲ ನೆಲದ ಮೇಲೆ ಆಗಿರಬೇಕೆಂದಿಲ್ಲ. ಈ ಮನುಷ್ಯ ಜೀವನವಿಡೀ ನಕ್ಷೆ ಬರೆದವನು. ಬರೆದದ್ದರಲ್ಲಿ ಕೆಲವು ಆದವು, ಕೆಲವು ಅರ್ಧಕ್ಕೆ ನಿಂತವು, ಇನ್ನು ಕೆಲವು ಕನಸಾಗಿಯೇ ಉಳಿದವು. ಯಾವುದು ಯಾವುದೆಂದು ತೀರ್ಪು ಹೇಳಬಲ್ಲದ್ದು ನೆಲ ಮಾತ್ರ. ಕೆಲ್ಸೊನ ತಂಡಕ್ಕೆ ಹೆಬ್ಬಾಗಿಲಿನ ಗುರುತು ಸಿಕ್ಕಿತು. ಬಾಗಿಲು ಎಲ್ಲಿತ್ತು ಎನ್ನುವುದು ಖಚಿತವಾದ ಮೇಲೆ ತೋಟದ ಉದ್ದಕ್ಕೂ ಓಡಿದ್ದ ಬೇಲಿಯ ಜಾಗವೂ ಖಚಿತವಾಯಿತು. ಅಲ್ಲಿಯವರೆಗೆ ಕಾಗದದ ಮೇಲೆ ತೇಲಾಡುತ್ತಿದ್ದ ನಕ್ಷೆ ಬಂದು ನೆಲಕ್ಕೆ ಕಚ್ಚಿಕೊಂಡ ಗಳಿಗೆ ಅದು. ಇಂಥ ಗಳಿಗೆಗಾಗಿಯೇ ಪುರಾತತ್ವದವರು ಬಿಸಿಲಲ್ಲಿ ಮಂಡಿಯೂರಿ ಕೂರುತ್ತಾರೆ ಎಂದು ಕಾಣುತ್ತದೆ.

ಗೋಡೆಯೂ ಸಿಕ್ಕಿತು. ಇಳಿಜಾರಿನ ತೋಟ ಜಾರಿಹೋಗದಂತೆ ಕೆಳಬದಿಗೆ ಕಟ್ಟಿದ್ದ ಕಲ್ಲಿನ ಗೋಡೆ, ಕೆಲವು ಕಡೆ ಹನ್ನೆರಡು ಅಡಿಗೂ ಎತ್ತರದ್ದು. ಅದರ ನಟ್ಟನಡುವೆ, ಗೋಡೆಯ ನೆತ್ತಿಯ ಮೇಲೆ, ಒಂದು ಪುಟ್ಟ ಚೌಕದ ಮಂಟಪ ಇತ್ತು. ಜೆಫರ್ಸನ್ ಸಂಜೆ ಹೊತ್ತು ಅಲ್ಲಿ ಕೂತು ಓದುತ್ತಿದ್ದನಂತೆ. 1820ರ ದಶಕದ ಕೊನೆಯಲ್ಲಿ ಬೀಸಿದ ಬಿರುಗಾಳಿಗೆ ಅದು ಹಾರಿಹೋಯಿತೆಂದು ಪ್ರತೀತಿ. ಹಾರಿಹೋದದ್ದು ಮೇಲಿನದು. ಅಡಿಪಾಯ ಎಲ್ಲಿಗೆ ಹೋದೀತು? ಮಣ್ಣು ಸರಿಸಿದಾಗ ಅದು ಇದ್ದಲ್ಲೇ ಇತ್ತು.

ಗೋಡೆಯ ಕೆಳಗೆ ಹಣ್ಣಿನ ತೋಪು. ಜೆಫರ್ಸನ್ 1778ರಲ್ಲಿ ಈ ತೋಪಿಗೆ ನಕ್ಷೆ ಬರೆದಿದ್ದ. ಯಾವ ಸಾಲಿನಲ್ಲಿ ಯಾವ ಮರ ಎನ್ನುವುದನ್ನೂ ಗುರುತು ಮಾಡಿದ್ದ. ಕೆಲ್ಸೊ ಅಲ್ಲಿಯೂ ಮೇಲ್ಮಣ್ಣು ಸರಿಸಿದ. ಸಸಿ ನೆಟ್ಟ ಗುಂಡಿಗಳ ಕಲೆಗಳು ಸಾಲುಸಾಲಾಗಿ ಎದ್ದುಬಂದವು. ಮರ ಸತ್ತು ಒಂದೂವರೆ ಶತಮಾನ ಕಳೆದಿದೆ, ಬುಡವೂ ಬೇರೂ ಕರಗಿಹೋಗಿವೆ. ಆದರೂ ಇಲ್ಲೊಂದು ಪೀಚ್ ಮರ ಇತ್ತು, ಅಲ್ಲೊಂದು ಸೇಬು ಇತ್ತು ಎಂದು ನೆಲ ಬೆರಳು ಮಾಡಿ ತೋರಿಸುತ್ತಿದೆ! ಈ ತೋಪಿನಲ್ಲಿ ಒಂದು ಕಾಲಕ್ಕೆ ಸುಮಾರು 400 ಮರಗಳಿದ್ದವು. ಜೆಫರ್ಸನ್ ತನ್ನ ಬಾಳಿನಲ್ಲಿ ನೆಡಿಸಿದ ಹಣ್ಣಿನ ತಳಿಗಳು 170. ಅದರಲ್ಲಿ ಪೀಚಿನದೇ 38.

ಇಷ್ಟೆಲ್ಲ ಗಿಡ ಎಲ್ಲಿಂದ ಬಂತು ಎಂಬ ಪ್ರಶ್ನೆ ನಮ್ಮನ್ನು ಸಸಿಮಡಿಗೆ ಕರೆದೊಯ್ಯುತ್ತದೆ. ನನ್ನ ಮಟ್ಟಿಗೆ ಇಡೀ ಗುಡ್ಡದ ಹೃದಯ ಇದೇ. ಮಾಂಟಿಚೆಲೊದಲ್ಲಿ ಹಳೆಯ ಸಸಿಮಡಿ ಗೋಡೆಯ ಕೆಳಗೇ ಇತ್ತು. ಹೊಸದನ್ನು ಕಾಯಿಪಲ್ಲೆ ತೋಟದ ಮುಂದುವರಿಕೆಯಾಗಿ ಮಾಡಿದರು. ಗೆಳೆಯರು ಕಳಿಸಿದ ಬೀಜ, ಕಡ್ಡಿ, ಓಟೆ ಯಾವುದು ಬಂದರೂ ಮೊದಲು ಇಲ್ಲಿಗೇ ಬರಬೇಕು. 53 ಬಗೆಯ ಹಣ್ಣಿನ ಗಿಡ, 41 ಜಾತಿಯ ಅಲಂಕಾರದ ಮರ, 11 ಬಗೆಯ ಬಾದಾಮಿ-ಅಕ್ರೋಟಿನಂಥ ಮರಗಳು ಈ ಮಡಿಗಳಲ್ಲಿ ಕಣ್ಣುಬಿಟ್ಟ ಲೆಕ್ಕ ಇದೆ. ಮಿಸಿಸಿಪ್ಪಿಯ ಆಚೆಗಿನ ಸೀಮೆಗೆ 1804ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕರ ತಂಡ ಅಲ್ಲಿನ ಮೂಲನಿವಾಸಿಗಳಿಂದ ತಂದ ಬೀಜಗಳೂ ಈ ಗುಡ್ಡ ಹತ್ತಿದವು. ಅರಿಕಾರ ಜನರ ಹುರುಳಿಕಾಯಿ ಇಲ್ಲಿನ ಮಣ್ಣಿನಲ್ಲಿ ಚಿಗುರಿತು. ಫಿಲಡೆಲ್ಫಿಯಾದ ಬೀಜದ ವ್ಯಾಪಾರಿ ಬರ್ನಾರ್ಡ್ ಮ್ಯಾಕ್‌ಮಹೋನ್ ಗೆಡ್ಡೆಗಳನ್ನೂ ಬೀಜಗಳನ್ನೂ ಕಳಿಸುತ್ತಲೇ ಇದ್ದ. ಪ್ಯಾರಿಸ್ಸಿನ ರಾಜೋದ್ಯಾನದ ಮುಖ್ಯ ತೋಟಗಾರ ಆಂದ್ರೆ ತೂವ್ಯಾಂ ಪೆಟ್ಟಿಗೆ ತುಂಬ ಬೀಜ ಕಳಿಸಿಕೊಟ್ಟ.

ಪ್ಯಾರಿಸ್ಸಿನ ಬೀಜದ ಮಾತು ಬಂದಾಗ ಒಂದು ಸಂಗತಿ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಶ್ರೀರಂಗಪಟ್ಟಣದಿಂದ ಹೊರಟಿದ್ದ ಟಿಪ್ಪು ಸುಲ್ತಾನನ ರಾಯಭಾರಿಗಳು 1788ರ ಬೇಸಿಗೆಯಲ್ಲಿ ಪ್ಯಾರಿಸ್ ತಲುಪಿದರು. ಆಗಸ್ಟ್ 10ರಂದು ವರ್ಸೈಲ್ಸ್‌ನಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತರು. ಅವರ ಬೇಡಿಕೆಯ ಪಟ್ಟಿಯಲ್ಲಿ ಸೈನ್ಯ, ಕುಶಲಕರ್ಮಿಗಳ ಜೊತೆಗೆ ತೋಟಗಾರರೂ ಇದ್ದರು, ಹೂವಿನ ಹಣ್ಣಿನ ಬೀಜಗಳೂ ಇದ್ದವು! ಆಗ ಪ್ಯಾರಿಸ್ಸಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದವನು ಇದೇ ಥಾಮಸ್ ಜೆಫರ್ಸನ್. ಮೈಸೂರಿನಿಂದ ಬಂದವರೂ ವರ್ಜೀನಿಯಾದಿಂದ ಬಂದವನೂ ಅದೇ ಬೇಸಿಗೆಯಲ್ಲಿ, ಅದೇ ಊರಿನಲ್ಲಿ, ತಮ್ಮ ತಮ್ಮ ನೆಲಕ್ಕೆ ಬೇಕಾದ ಬೀಜಗಳನ್ನು ಹುಡುಕುತ್ತಿದ್ದರು. ಲಾಲ್‌ಬಾಗಿನ ನೆರಳಿನಲ್ಲಿ ನಡೆಯುವ ಯಾರಿಗಾದರೂ ಈ ಸಂಗತಿ ಗೊತ್ತಿರಬೇಕು ಅನ್ನಿಸುತ್ತದೆ.

ಈ ತೋಟಕ್ಕೊಂದು ಪುಸ್ತಕವೂ ಇದೆ. 1766ರ ಮಾರ್ಚಿನಲ್ಲಿ ನೇರಳೆ ಬಣ್ಣದ ಹಯಸಿಂತ್ ಅರಳಲು ಶುರುವಾದದ್ದನ್ನು ಬರೆದಿಟ್ಟಲ್ಲಿಂದ ಆರಂಭವಾಗಿ 1824ರವರೆಗೆ ಜೆಫರ್ಸನ್ ಬರೆದ ತೋಟದ ದಿನಚರಿ ಅದು. ಎಡ್ವಿನ್ ಬೆಟ್ಸ್ ಎಂಬ ವಿದ್ವಾಂಸ 1944ರಲ್ಲಿ ಅದನ್ನು ಟಿಪ್ಪಣಿ ಸಹಿತ ಅಚ್ಚು ಹಾಕಿಸಿದ. ಯಾವ ಚೌಕದಲ್ಲಿ ಏನು ಬಿತ್ತಿದರು, ಯಾವತ್ತು ಬಿತ್ತಿದರು, ಯಾವತ್ತು ಕಿತ್ತು ನೆಟ್ಟರು, ಯಾವತ್ತು ಊಟದ ಮೇಜಿಗೆ ಬಂತು ಎಲ್ಲದಕ್ಕೂ ಅಂಕಣಗಳಿವೆ. ತೋಟವನ್ನು 24 ಚೌಕ ಮಾಡಿ, 1812ರ ಹೊತ್ತಿಗೆ ಕಾಯಿ ತಿನ್ನುವ ಗಿಡ ಒಂದು ಕಡೆ, ಗೆಡ್ಡೆ ತಿನ್ನುವಂಥವು ಒಂದು ಕಡೆ, ಸೊಪ್ಪು ಒಂದು ಕಡೆ ಎಂದು ವಿಂಗಡಿಸಿದ್ದರು. ಕಾಯಿಪಲ್ಲೆ, ಮಸಾಲೆ ಸೊಪ್ಪು ಎಲ್ಲ ಸೇರಿ ಇಲ್ಲಿ ಬೆಳೆದು ನೋಡಿದ ತಳಿಗಳು 330. ಬೀಜಗಳನ್ನು ಜೆಫರ್ಸನ್ ಪುಟ್ಟ ಪುಟ್ಟ ಸೀಸೆಗಳಲ್ಲಿ ತುಂಬಿ, ಹೆಸರು ಅಂಟಿಸಿ, ಕಪಾಟಿನೊಳಗೆ ಕೊಕ್ಕೆಗಳಿಗೆ ನೇತುಹಾಕುತ್ತಿದ್ದ. ಬಂದವರಿಗೆ ಅದನ್ನು ತೆರೆದು ತೋರಿಸುವುದೇ ಒಂದು ಸಂಭ್ರಮ. ಬಟಾಣಿ ಎಂದರೆ ಪ್ರಾಣ. ಸುತ್ತಲಿನ ಜಮೀನ್ದಾರರ ನಡುವೆ ವರ್ಷವರ್ಷವೂ ಪೈಪೋಟಿ: ಮೊದಲ ಬಟಾಣಿ ಯಾರ ಮನೆಯ ಮೇಜಿಗೆ ಬಂತೋ ಅವರು ಉಳಿದವರಿಗೆಲ್ಲ ಊಟ ಹಾಕಬೇಕು. ಹೆಚ್ಚು ಸಲ ಗೆಲ್ಲುತ್ತಿದ್ದವನು ಜಾರ್ಜ್ ಡೈವರ್ಸ್ ಎಂಬ ನೆರೆಯವನು.

ದಿನಚರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗೆಲುವುಗಳಲ್ಲ. ಹುಟ್ಟಲಿಲ್ಲ, ಹುಳ ತಿಂತು, ಒಣಗಿತು ಎಂದು ಮತ್ತೆ ಮತ್ತೆ ಬರುವ ದಾಖಲೆಗಳು. ಗುಡ್ಡದ ನೆತ್ತಿಯಲ್ಲಿ ಬಾವಿ ಬತ್ತುತ್ತಿತ್ತು, ಬೇಸಿಗೆಯಲ್ಲಿ ನೀರಿಗೆ ಪರದಾಟ. ಬಾಗಲಕೋಟೆ, ಚಿತ್ರದುರ್ಗದ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆದರೂ ಜೆಫರ್ಸನ್ ಸೋತದ್ದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದ. ಮರುವರ್ಷ ಮತ್ತೆ ಬಿತ್ತಿಸಿದ.

ಬಿತ್ತಿಸಿದ. ಇಲ್ಲಿಗೆ ಬಂದಾಗ ಉಸಿರು ಬಿಗಿಯುತ್ತದೆ. ಏಕೆಂದರೆ ದಿನಚರಿ ಬರೆದ ಕೈ ಬೇರೆ, ಬಿತ್ತಿದ ಕೈಗಳು ಬೇರೆ. 1774ರಲ್ಲಿ ಗುರುತು ಮಾಡಿದ ತೋಟ 668 ಅಡಿ ಉದ್ದದ್ದು. 1806ರಿಂದ ಮೂರು ವರ್ಷ ನಡೆದ ಕೆಲಸದಲ್ಲಿ ಅದು 1,000 ಅಡಿ ಉದ್ದ, 80 ಅಡಿ ಅಗಲದ ಸಮತಟ್ಟಾಗಿ ಬೆಳೆಯಿತು, ಎರಡು ಎಕರೆ. ಗುಡ್ಡದ ಪಕ್ಕೆಯನ್ನೇ ಕಡಿದು, ಕೆಮ್ಮಣ್ಣನ್ನು ಹೇಸರಗತ್ತೆ ಗಾಡಿಯಲ್ಲಿ ಹೊತ್ತು, ಕಲ್ಲಿನ ಗೋಡೆ ಎಬ್ಬಿಸಿ ಇದನ್ನು ಮಾಡಿದವರು ಗುಲಾಮರು, ಬಾಡಿಗೆಗೆ ತಂದ ಏಳು ಮಂದಿಯ ತಂಡ. ಜೆಫರ್ಸನ್ ತನ್ನ ಆಯುಷ್ಯದಲ್ಲಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಎಲ್ಲರೂ ಹುಟ್ಟಿನಿಂದ ಸಮಾನರು ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದವನೂ ಇವನೇ. ಆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಈ ತೋಟವನ್ನು ನೋಡುವುದು ಸಾಧ್ಯವಿಲ್ಲ, ನೋಡಲೂಬಾರದು. ಕಾಗದದಲ್ಲಿ ಇರುವುದು ಅಳತೆ, ತಾರೀಖು, ತಳಿಯ ಹೆಸರು. ಕೆಮ್ಮಣ್ಣಿನಲ್ಲಿ ಸಿಕ್ಕ ಒಂದೊಂದು ಗುಂಡಿಯ ಕಲೆಯೂ ಯಾರೋ ಒಬ್ಬರು ಬೆವರು ಸುರಿಸಿ ಹಾರೆ ಹಾಕಿದ್ದರ ಗುರುತು. ಆ ಗುಂಡಿ ಎಷ್ಟು ಆಳ ಹೋಗಿತ್ತು, ಎಷ್ಟು ಅಗಲ ಇತ್ತು, ಎಲ್ಲಿ ಬಂಡೆ ತಗುಲಿ ವಾರೆಯಾಯಿತು ಎನ್ನುವುದನ್ನು ಕೂಡ ಮಣ್ಣು ಇಟ್ಟುಕೊಂಡಿರುತ್ತದೆ.

ಅಂಥ ಕೈಗಳಲ್ಲಿ ಕೆಲವಕ್ಕೆ ಹೆಸರಿದೆ. ವರ್ಮ್ಲಿ ಹ್ಯೂಸ್ 1781ರಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಮೊಳೆ ತಯಾರಿಸುವ ಕುಲುಮೆಯಲ್ಲಿ ದುಡಿದ, ಆಮೇಲೆ ಈ ತೋಟದ ಮುಖ್ಯ ತೋಟಗಾರನಾದ. ಬೀಜ ಬಿತ್ತಿದವನು, ಗೆಡ್ಡೆ ಹೂಳಿದವನು, ಸಸಿ ನೆಟ್ಟವನು ಅವನು. 1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡಾಗ ಅವನ ಗೋರಿಯನ್ನು ತೋಡಿದವನೂ ವರ್ಮ್ಲಿಯೇ. ಮರುವರ್ಷ ಜನವರಿಯಲ್ಲಿ, ಸಾಲ ತೀರಿಸಲೆಂದು, ಮನೆಯ ಸಾಮಾನಿನ ಜೊತೆಗೆ ಮನುಷ್ಯರನ್ನೂ ಹರಾಜಿಗೆ ಇಟ್ಟರು. ವರ್ಮ್ಲಿಗೆ ಬಿಡುಗಡೆ ಸಿಕ್ಕಿತ್ತು. ಅವನ ಹೆಂಡತಿ ಉರ್ಸುಲಾಳನ್ನೂ ಮಕ್ಕಳನ್ನೂ ಮಾರಿದರು. ಆ ಕುಟುಂಬ ಮತ್ತೆ ಒಂದೆಡೆ ಸೇರಿತು ಎಂದು ಓದಿದಾಗ ಸ್ವಲ್ಪ ಸಮಾಧಾನವಾಗುತ್ತದೆ. ಸೇರಿಸಿದ್ದು ಇನ್ನೊಬ್ಬ ಮಾಲೀಕ, ಜೆಫರ್ಸನ್ನನ ಮೊಮ್ಮಗ, ಅವರನ್ನು ಕೊಂಡುಕೊಂಡದ್ದರಿಂದ.

ತೋಟಕ್ಕೆ ತಾಗಿಕೊಂಡೇ, ಒಂದು ಮೆಟ್ಟಿಲು ಮೇಲೆ, ತೋಟದ ಉದ್ದಕ್ಕೂ ಸಾಗುವ ಬೀದಿಯೊಂದಿತ್ತು. ಹೆಸರು ಮಲ್ಬೆರಿ ರೋ, ಹಿಪ್ಪುನೇರಳೆ ಮರಗಳ ಸಾಲು. ಕುಲುಮೆ, ಬಡಗಿ ಶಾಲೆ, ಕೊಟ್ಟಿಗೆ, ಗುಲಾಮರ ಮರದ ಗುಡಿಸಲು ಎಲ್ಲ ಅಲ್ಲಿದ್ದವು. ತೋಟ ಮುಗಿಸಿದ ಮೇಲೆ ಕೆಲ್ಸೊ ಅಲ್ಲಿಗೂ ಹತ್ತಿದ. ಗುಡಿಸಲುಗಳ ನೆಲದಡಿ ಪುಟ್ಟ ಪುಟ್ಟ ಹಗೇವುಗಳು ಸಿಕ್ಕವು, ಒಡೆದ ಪಿಂಗಾಣಿ ಸಿಕ್ಕಿತು, ತಿಂದು ಬಿಸಾಡಿದ ಮೂಳೆಗಳು ಸಿಕ್ಕವು. ಆ ನೆಲದ ಮಾತು ಕೇಳಿಸಿಕೊಂಡ ಮೇಲೆ ಹಳೆಯ ಲೆಕ್ಕದ ಪುಸ್ತಕವೊಂದು ಹೊಸ ಅರ್ಥ ಕೊಡುತ್ತದೆ. ಜೆಫರ್ಸನ್ನನ ಮೊಮ್ಮಗಳು ಆನ್ ಕ್ಯಾರಿ ರ್‍ಯಾಂಡಾಲ್ಫ್, ಇನ್ನೂ ಹದಿಹರೆಯದ ಹುಡುಗಿ, 1805ರಿಂದ 1808ರವರೆಗೆ ಮನೆಯ ಖರ್ಚಿನ ಲೆಕ್ಕ ಬರೆದಿಟ್ಟಳು. ಅದರಲ್ಲಿ ಗುಲಾಮರಿಂದ ಕೋಳಿ, ಮೊಟ್ಟೆ, ಸೌತೆಕಾಯಿ, ಎಲೆಕೋಸು, ಕಲ್ಲಂಗಡಿ ಕೊಂಡದ್ದರ ಲೆಕ್ಕ ಪುಟಗಟ್ಟಲೆ ಇದೆ. ಬ್ಯಾಗ್‌ವೆಲ್, ಸ್ಕ್ವೈರ್ ಎಂದು ಮಾರಿದವರ ಹೆಸರೂ ಇದೆ. ಅಂದರೆ, ಹಗಲಿಡೀ ದೊರೆಗಾಗಿ ಬಗ್ಗಿ ದುಡಿದವರು, ಉಳಿದ ಹೊತ್ತಿನಲ್ಲಿ ತಮ್ಮ ಗುಡಿಸಲ ಸುತ್ತ ತಮ್ಮದೇ ಹಿತ್ತಲು ಮಾಡಿಕೊಂಡಿದ್ದರು. ಅಲ್ಲಿ ಬೆಳೆದದ್ದನ್ನು ಅದೇ ದೊರೆಯ ಮನೆಗೆ ಮಾರಿ ಕಾಸು ಮಾಡಿಕೊಂಡರು! ಸಾವಿರ ಅಡಿಯ ತೋಟ, 330 ತಳಿ, ಹತ್ತಡಿಯ ಬೇಲಿ ಎಲ್ಲ ಇದ್ದ ಮನೆಗೆ ಸೌತೆಕಾಯಿ ಬಂದದ್ದು ಬೇಲಿಯ ಆಚೆಗಿನ ಹಿತ್ತಲಿನಿಂದ. ಈ ಬ್ಯಾಗ್‌ವೆಲ್ ಮತ್ತಾರೂ ಅಲ್ಲ, ವರ್ಮ್ಲಿಯ ಹೆಂಡತಿ ಉರ್ಸುಲಾಳ ಅಪ್ಪ. ಅಳಿಯ ದೊರೆಯ ತೋಟ ನೋಡಿಕೊಳ್ಳುತ್ತಿದ್ದ, ಮಾವ ತನ್ನ ಹಿತ್ತಲಿನದನ್ನು ತಂದು ಮಾರುತ್ತಿದ್ದ.

ಕಾಯಿಪಲ್ಲೆಯ ಪಟ್ಟಿಯಲ್ಲಿ ಕಣ್ಣಾಡಿಸುವಾಗ ಕನ್ನಡದ ಓದುಗರಿಗೆ ಇನ್ನೊಂದು ಬೆರಗು ಕಾದಿದೆ. ಟೊಮೆಟೊ ಚೌಕದ ಅಂಚಿಗೆ ಬೆಂಡೆಯನ್ನೋ ಎಳ್ಳನ್ನೋ ಹಾಕುತ್ತಿದ್ದರು. ಬಿಳಿ ಬದನೆ, ನೇರಳೆ ಬದನೆಗಳನ್ನು ಒಂದರ ಪಕ್ಕ ಒಂದು ಬರುವಂತೆ ಬೆಳೆಸುವ ಆಲೋಚನೆ ಇತ್ತು, ಕಣ್ಣಿಗೂ ಚೆಂದ ಇರಲೆಂದು. ಬೆಂಡೆ, ಬದನೆ, ಎಳ್ಳು! ನಮ್ಮ ಸಂತೆಯ ಮಂಕರಿಗಳಲ್ಲಿ ಇರುವವೇ. ಎಳ್ಳನ್ನು ಮೊದಲು ಒಗ್ಗಿಸಿ ಬೆಳೆದದ್ದು ಈ ಭಾರತ ಖಂಡದಲ್ಲೇ. ಬದನೆಯ ತವರೂ ಏಷ್ಯಾ. ಎಳ್ಳು ಇಲ್ಲಿಂದ ಸಾವಿರಾರು ವರ್ಷಗಳಲ್ಲಿ ಪಶ್ಚಿಮಕ್ಕೆ ನಡೆದು, ಆಫ್ರಿಕಾ ಸೇರಿ, ಅಲ್ಲಿಂದ ಸೆರೆಸಿಕ್ಕ ಜನರ ಜೊತೆಗೆ ಕಡಲು ದಾಟಿ ಅಮೆರಿಕ ಮುಟ್ಟಿತು. ಅದರ ಎಣ್ಣೆಯ ರುಚಿ ಹತ್ತಿ ಜೆಫರ್ಸನ್ ಮರುಳಾದ. ಆಲಿವ್ ಎಣ್ಣೆಯ ಬದಲಿಗೆ ಇದೇ ಸಾಕೆಂದು ಬಿತ್ತಿಸಿದ, ಗಾಣಕ್ಕೂ ಪ್ರಯತ್ನ ಮಾಡಿದ. ಬೆಂಡೆಯ ಕಥೆಯೂ ಆಫ್ರಿಕನ್ನರ ಜೊತೆಗೇ ಹೆಣೆದುಕೊಂಡದ್ದು. ವರ್ಜೀನಿಯಾದ ಕೆಮ್ಮಣ್ಣಿನಲ್ಲಿ ಇವು ಬೇರುಬಿಟ್ಟದ್ದರ ಹಿಂದೆ ಇವನ್ನು ಬೆಳೆಯಲೂ ಬೇಯಿಸಲೂ ಬಲ್ಲವರ ತಿಳಿವಳಿಕೆ ಇತ್ತು.

ಅಗೆತದ ನಂತರ ಪೀಟರ್ ಹ್ಯಾಚ್ ಎಂಬ ತೋಟಗಾರ, ಇತಿಹಾಸಕಾರನ ಮೇಲ್ವಿಚಾರಣೆಯಲ್ಲಿ ಕಾಯಿಪಲ್ಲೆ ತೋಟವನ್ನು ಮತ್ತೆ ನಿಲ್ಲಿಸಿದರು. ಗೋಡೆ ಎದ್ದಿತು. 1984ರಲ್ಲಿ ಮಂಟಪ ತನ್ನ ಹಳೆಯ ಅಡಿಪಾಯದ ಮೇಲೆಯೇ ಮತ್ತೆ ತಲೆ ಎತ್ತಿತು. ಹಣ್ಣಿನ ತೋಪಿಗೆ ಹಳೆಯ ತಳಿಗಳನ್ನು ದೇಶವೆಲ್ಲ ಹುಡುಕಿ ತಂದು ಕಸಿ ಕಟ್ಟಿದರು. ಎಲ್ಲವೂ ಸಿಗಲಿಲ್ಲ. ಜೆಫರ್ಸನ್ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ, ರಸ ತೆಗೆಯುವ ಟಾಲಿವರ್ ಎಂಬ ಸೇಬು ಕಳೆದೇಹೋಗಿದೆ. ಎಲ್ಲಾದರೂ ಯಾರದಾದರೂ ಹೊಲದಂಚಿನಲ್ಲಿ ಹೆಸರಿಲ್ಲದೆ ನಿಂತಿರಬಹುದೇ ಎಂದು ಹುಡುಕುವವರು ಇದ್ದಾರೆ. ಹುಡುಕಲಿ. ಗುಂಡಿಯ ಗುರುತು ಉಳಿದು ಮರ ಮಾತ್ರ ಇಲ್ಲವಾಗುವುದು ಮನಸ್ಸಿಗೆ ಕಷ್ಟ ಕೊಡುವ ಸಂಗತಿ.

ತೋಟದಿಂದ ಹೊರಟದ್ದು ಕೊನೆಗೆ ಒಲೆಗೆ ಹೋಗಬೇಕಲ್ಲ? ಆ ಒಲೆಯೂ ಸಿಕ್ಕಿತು! 2017ರಲ್ಲಿ ಪುರಾತತ್ವಜ್ಞರು ಮನೆಯ ದಕ್ಷಿಣಕ್ಕಿರುವ ಸಣ್ಣ ಕಟ್ಟಡದ ನೆಲಮಾಳಿಗೆಯನ್ನು ಅಗೆಯುತ್ತಿದ್ದರು. ಮಾಂಟಿಚೆಲೊದ ಮೊಟ್ಟಮೊದಲ ಅಡುಗೆಮನೆ ಅದು. ಹೊಸ ಅಡುಗೆಮನೆ ಕಟ್ಟಿಸಿದ ಮೇಲೆ ಅಲ್ಲಿ ಮಣ್ಣು ತುಂಬಿ ನೆಲ ಎತ್ತರಿಸಿದ್ದರು. ಹಾಗಾಗಿ ಹಳೆಯದೆಲ್ಲ ಅಡಿಯಲ್ಲಿ ಸುರಕ್ಷಿತವಾಗಿತ್ತು. ಮಣ್ಣು ತೆಗೆದಾಗ ಇಟ್ಟಿಗೆಯ ಹಳೆಯ ನೆಲ ಕಂಡಿತು. ಅದರ ಮೇಲೆ ಇದ್ದಿಲು ಹಾಕಿ ಉರಿಸುವ ಕಟ್ಟೆಒಲೆಗಳ ಬುಡಗಳಿದ್ದವು. ಫ್ರೆಂಚರ ನಯವಾದ ಅಡುಗೆಗೆ, ಸಣ್ಣ ಉರಿಯಲ್ಲಿ ಸಾರು ಕುದಿಸುವುದಕ್ಕೆ ಇಂಥ ಒಲೆ ಬೇಕು. ಅಂದಿನ ಅಮೆರಿಕದಲ್ಲಿ ಅದು ಬಲು ಅಪರೂಪ.

ಆ ಅಡುಗೆಮನೆಯ ಬಾಣಸಿಗ ಜೇಮ್ಸ್ ಹೆಮಿಂಗ್ಸ್, ಗುಲಾಮ. ತೋಟಗಾರ ವರ್ಮ್ಲಿಗೆ ಸೋದರಮಾವ. 1784ರಲ್ಲಿ ಜೆಫರ್ಸನ್ ಅವನನ್ನು ಪ್ಯಾರಿಸ್ಸಿಗೆ ಕರೆದೊಯ್ದು ಅಲ್ಲಿನ ಅಡುಗೆ ಕಲಿಸಿದ್ದ. ತನ್ನ ವಿದ್ಯೆಯನ್ನು ಇನ್ನೊಬ್ಬನಿಗೆ ಧಾರೆಯೆರೆದರೆ ಬಿಡುಗಡೆ ಎಂದು ಕರಾರಾಯಿತು. ಜೇಮ್ಸ್ ತನ್ನ ತಮ್ಮ ಪೀಟರನಿಗೆ ಕಲಿಸಿದ, 1796ರ ಫೆಬ್ರವರಿಯಲ್ಲಿ ಸ್ವತಂತ್ರನಾದ. ಹೊರಡುವ ಮುನ್ನ ಅಡುಗೆಮನೆಯ ಪಾತ್ರೆ ಪರಡಿಗಳ ಪಟ್ಟಿಯೊಂದನ್ನು ತನ್ನ ಕೈಯಾರೆ ಬರೆದಿಟ್ಟ. ಆ ಹಾಳೆ ಇವತ್ತಿಗೂ ಇದೆ, ದುಂಡಗಿನ ಸ್ಪಷ್ಟ ಅಕ್ಷರ. ತೋಟದಲ್ಲಿ ಕೆಲ್ಸೊ ಮಣ್ಣಿಗೆ ಹಚ್ಚಿ ನೋಡಿದ್ದೆಲ್ಲ ದೊರೆಯ ಕಾಗದಗಳನ್ನು. ಇಲ್ಲಿ ಹಾಗಲ್ಲ. ದುಡಿದವನೇ ಬರೆದ ಹಾಳೆ ಒಂದು ಕೈಯಲ್ಲಿ, ಅವನು ನಿಂತು ಬೇಯಿಸಿದ ಒಲೆಯ ಇಟ್ಟಿಗೆ ಕಾಲಡಿಯಲ್ಲಿ. ಪಟ್ಟಿಯಲ್ಲಿನ ತಾಮ್ರದ ಪಾತ್ರೆಗಳು ಆ ಕಟ್ಟೆಯ ಮೇಲೆ ಹೇಗೆ ಕೂರುತ್ತಿದ್ದವು, ಜೇಮ್ಸ್ ಯಾವ ಕಡೆ ನಿಂತು ಕೈಯಾಡಿಸುತ್ತಿದ್ದ, ಬಟಾಣಿಯ ಬುಟ್ಟಿ ಯಾವ ಬಾಗಿಲಿನಿಂದ ಒಳಗೆ ಬರುತ್ತಿತ್ತು ಎಂದು ಈಗ ಅಳೆದು ನೋಡಬಹುದು!